ಬೆಲ್ಲ-ನೀರಿನ ಐದು ನಿಮಿಷ

ಶೇಡಬಾಳದ ಹೈಸ್ಕೂಲಿಗೆ ವರ್ಗವಾಗಿ ಬಂದ ಕನ್ನಡ ಮಾಸ್ತರರು ರೈಲಿನಿಂದ ಇಳಿದು, ನಿಲ್ದಾಣದ ಹೊರಗೆ ಮೊದಲು ಕಂಡ ಹುಡುಗಿಗೆ ಶಾಲೆಯ ದಾರಿ ಕೇಳಿದರು. ಹನ್ನೆರಡು ವರ್ಷದ ಹುಡುಗಿ. ತಲೆಯ ಮೇಲೆ ಮೇವಿನ ಹೊರೆ. ಅವಳು ಹೊರೆಯನ್ನು ಒಂದು ಕೈಯಿಂದ ಹಿಡಿದು ಎರಡೂ ಕಡೆ ನೋಡಿದಳು.

“ದಾರಿ ಎರಡ ಅದಾವರಿ. ಕಾಲುವಿ ದಂಡಿದು ಸನೇದು. ಆದ್ರ ಇವತ್ತ ನೀರ ಬಿಟ್ಟಾರೋ ಏನೋ, ನಾ ಇನ್ನೂ ನೋಡಿಲ್ಲ. ನೋಡಿ ಬಂದ ಹೇಳ್ತೀನಿ, ನಿಂದರ್ರಿ.”

ಹೀಗೆಂದವಳು ಹೊರೆಯನ್ನು ಮಾಸ್ತರರ ಕಾಲ ಬಳಿ ಇಳಿಸಿ ಓಡಿಯೇಬಿಟ್ಟಳು. ಹೊಸ ಊರಿನಲ್ಲಿ ಮಾಸ್ತರರಿಗೆ ಮೊದಲು ದೊರೆತ ಕೆಲಸವೆಂದರೆ ಆ ಮೇವನ್ನು ಒಂದು ಎಮ್ಮೆಯಿಂದ ಕಾಯುವುದು. ಸ್ವಲ್ಪ ಹೊತ್ತಿನಲ್ಲಿ ಹುಡುಗಿ ಮೊಣಕಾಲವರೆಗೆ ನೆನೆದು ಬಂದು, ಕಾಲುವೆಯ ದಾರಿ ಬೇಡ, ಸುತ್ತು ಹಾಕಿಯೇ ಹೋಗಿರೆಂದಳು.

ಅವಳೇ ನೀಲಮ. ಕೂಲಿ ಮಾಡುವ ಅಕ್ಕುತಾಯಿಯ ಒಬ್ಬಳೇ ಮಗಳು. ಮರುದಿನ ತರಗತಿಯಲ್ಲಿ ಮುಂದಿನ ಸಾಲಿನಲ್ಲೇ ಕುಳಿತಿದ್ದಳು.

ಮುಂದೆ ಅವಳು ಚಿಕ್ಕೋಡಿಯಲ್ಲಿ ಡಿಪ್ಲೊಮಾ ಮುಗಿಸಿ, ಅಥಣಿಯ ಉತ್ತಮ ಎಂಬವರ ಸಣ್ಣ ಇಂಟರ್ನೆಟ್ ಕಂಪನಿ ಸೇರಿದಳು. ಅಥಣಿ, ಉಗಾರ ಬುದ್ರುಕ, ಶೇಡಬಾಳ, ಕಾಗವಾಡ ಈ ನಾಲ್ಕು ಊರುಗಳನ್ನು ಅವರ ಕೇಬಲ್ ಬಳೆಯಂತೆ ಸುತ್ತಿತ್ತು. ಊರಿಗೊಂದು ರೌಟರು. ಬಂದ ಮಾಹಿತಿಗೆ ದಾರಿ ತೋರಿಸುವುದು ಈ ಪೆಟ್ಟಿಗೆಯ ಕೆಲಸ. ಶೇಡಬಾಳದಿಂದ ಅಥಣಿಗೆ ಉಗಾರದ ಮೇಲೆ ಹೋದರೆ ಸನಿಹ, ಕಾಗವಾಡದ ಮೇಲೆ ಹೋದರೆ ಸುತ್ತು. ಒಂದು ದಾರಿ ಮುಚ್ಚಿದರೆ ಇನ್ನೊಂದು ಇದ್ದೇ ಇದೆಯೆಂದು ಉತ್ತಮ ಎಲ್ಲರ ಮುಂದೆ ಹೆಮ್ಮೆಪಡುತ್ತಿದ್ದರು.

ಕಳೆದ ವರ್ಷ ಆ ಹೆಮ್ಮೆಗೆ ಪೆಟ್ಟು ಬಿತ್ತು. ಶೇಡಬಾಳದ ದೀಪಾಲಿ, ಕಬ್ಬು ಬೆಳೆಯುವ ಮನೆತನದ ಸೊಸೆ, ಮದುವೆಯಾಗಿ ಎಂಟು ವರ್ಷಗಳ ಮೇಲೆ ಎಂ.ಎ. ಓದಿದ್ದಳು. ಕೊನೆಯದು ವಿಡಿಯೋದಲ್ಲಿ ನಡೆಯುವ ಮೌಖಿಕ ಪರೀಕ್ಷೆ. ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಮುಖ ಮರೆಯಾದರೆ ಪರೀಕ್ಷೆ ರದ್ದು. ನೆಟ್ ನಿಲ್ಲುವುದಿಲ್ಲವೆಂದು ನೀಲಮ ಮಾತು ಕೊಟ್ಟಿದ್ದಳು. ಆ ದಿನ ಉಗಾರದಲ್ಲಿ ಕರೆಂಟು ಮೂರು ಸಲ ಹೋಗಿ ಮೂರು ಸಲ ಬಂತು. ಅಲ್ಲಿನ ರೌಟರೂ ಮೂರು ಸಲ ಮಲಗಿ ಎದ್ದಿತು. ಇತ್ತ ಶೇಡಬಾಳದ ರೌಟರಿನ ಕೋಣೆ ನೋಡಿಕೊಳ್ಳುವ ಭರಮು, ತಮ್ಮ ರೂಢಿಯಂತೆ, ಇಲ್ಲಿಯ ಪೆಟ್ಟಿಗೆಯನ್ನೂ ಬಂದ್ ಮಾಡಿ ಚಾಲೂ ಮಾಡಿದರು. ದೀಪಾಲಿ ಐದನೆಯ ಪ್ರಶ್ನೆಗೆ ಉತ್ತರ ಹೇಳುತ್ತಿದ್ದಂತೆಯೇ ಪರೀಕ್ಷಕರು ಪರದೆಯಿಂದ ಮಾಯವಾದರು.

ನೀಲಮ ಕ್ಷಮೆ ಕೇಳಲು ದೀಪಾಲಿಯ ಮನೆಗೆ ಹೋದಳು. ದಾರಿಯುದ್ದಕ್ಕೂ ಹೊಂದಿಸಿಕೊಂಡ ಮಾತು ನಾಲಿಗೆಯ ತುದಿಯಲ್ಲಿತ್ತು. ಹೊಸ್ತಿಲು ದಾಟುವಷ್ಟರಲ್ಲಿ ದೀಪಾಲಿಯ ಅತ್ತೆ ಒಳಗಿನಿಂದಲೇ ಯಾಕೆ ಹೀಗಾಯಿತು, ಮುಂದೇನು, ಯಾರ ತಪ್ಪು ಎಂದು ಕೇಳತೊಡಗಿದರು. ನೀಲಮ ಒಂದಕ್ಕೊಂದು ಸಂಬಂಧವಿಲ್ಲದೆ ಏನೇನೋ ತೊದಲಿದಳು. ದೀಪಾಲಿ ಅತ್ತೆಯನ್ನು ತಡೆದಳು.

“ಈಗರ ಬಂದಾಳ್ರಿ ಅತ್ತಿ. ಮೊದಲ ಬೆಲ್ಲಾ-ನೀರ ತಗೊಳ್ಳಲಿ. ದಮ್ಮ ಆರಿದ ಮ್ಯಾಲ ಕೇಳೂಣು.”

ನೀಲಮ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ತಂಬಿಗೆ ಎತ್ತಿದಳು. ನೀರು ಅರ್ಧ ಒಳಗೆ ಇಳಿದಿರಬೇಕು, ತಂಬಿಗೆಯನ್ನು ಕೆಳಗಿಟ್ಟು ಎದ್ದು ನಿಂತಳು. ಅವಳಿಗೆ ಈಗ ಹೊಳೆದಿತ್ತು: ಕರೆಂಟು ಹೋದಾಗ ತಪ್ಪು ಆಗುತ್ತಿರಲಿಲ್ಲ, ಆಗ ಮಾಹಿತಿ ಕೆಲವೇ ಕ್ಷಣಗಳಲ್ಲಿ ಕಾಗವಾಡದ ದಾರಿ ಹಿಡಿಯುತ್ತಿತ್ತು. ತಪ್ಪು ಆಗುತ್ತಿದ್ದದ್ದು ಕರೆಂಟು ಬಂದ ಮೇಲೆ! ಉಗಾರದ ರೌಟರು ಕಣ್ಣು ಬಿಟ್ಟ ಕೂಡಲೇ “ನಾ ಬಂದೆ, ನನ್ನ ಕಡೆ ಬರ್ರಿ” ಎಂದು ನೆರೆಯವರಿಗೆ ಸಾರುತ್ತಿತ್ತು. ಅಥಣಿಯ ದಾರಿ ಅದಕ್ಕೇ ಇನ್ನೂ ಗೊತ್ತಾಗಿರುತ್ತಿರಲಿಲ್ಲ. ನಂಬಿ ಬಂದ ಮಾಹಿತಿಯೆಲ್ಲ ನಡುದಾರಿಯಲ್ಲಿ ಹಾಳಾಗುತ್ತಿತ್ತು. ಆಗಷ್ಟೇ ಎದ್ದ ಆ ರೌಟರಿಗೆ ಬೆಲ್ಲ-ನೀರು ಕೊಟ್ಟವರೇ ಇರಲಿಲ್ಲ.

ದೀಪಾಲಿಗೆ ಇನ್ನೊಂದೇ ಅವಕಾಶವಿತ್ತು, ಮೂರು ವಾರಗಳ ನಂತರ. ಅದೂ ತಪ್ಪಿದರೆ ಎಂ.ಎ. ಅಲ್ಲಿಗೇ ಮುಗಿದಂತೆ. ನೀಲಮ ರೌಟರಿನ ಕೈಪಿಡಿಯ ಹಾಳೆ ಹಾಳೆ ತಿರುವಿ ಬೇಕಾದ ಏರ್ಪಾಡನ್ನು ಹುಡುಕಿದಳು. ರೌಟರು ಎದ್ದ ಮೇಲೆ ಐದು ನಿಮಿಷ, “ನಾನು ಇದ್ದೇನೆ, ಆದರೆ ನನ್ನ ದಾರಿ ಬಲು ದೂರ” ಎಂದು ಸಾರಬೇಕು. ಅಷ್ಟರೊಳಗೆ ಎಲ್ಲ ದಾರಿಗಳನ್ನೂ ಕಲಿಯಬೇಕು. ನಡುವೆ ಮತ್ತೆ ಮಲಗಿ ಎದ್ದರೆ ಐದು ನಿಮಿಷ ಮೊದಲಿನಿಂದ. ನಾಲ್ಕೂ ಊರುಗಳ ರೌಟರುಗಳಿಗೆ ಇದನ್ನೇ ಕಲಿಸಿದಳು.

ಪರೀಕ್ಷೆಯ ದಿನ ಅವಳು ಶೇಡಬಾಳದ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕುಳಿತಳು. ಪಕ್ಕದಲ್ಲಿ ಭರಮು. ಹನ್ನೊಂದೂವರೆಗೆ ದೀಪಾಲಿಯ ಮೌಖಿಕ ಶುರುವಾಯಿತು. ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷವಿತ್ತು, ಹೊಲದ ಪಂಪುಗಳ ಕರೆಂಟಿನ ಪಾಳಿ ಬದಲಾಗುವ ಹೊತ್ತು. ಉಗಾರದ ಹೆಸರು ಪರದೆಯ ಮೇಲೆ ಕೆಂಪಾಯಿತು. ಕರೆಂಟು ಹೋದರೆ ಹತ್ತು ನಿಮಿಷ ತಡೆಯಬೇಕಿದ್ದ ಅಲ್ಲಿಯ ರೌಟರಿನ ಬ್ಯಾಟರಿ ಒಂದು ನಿಮಿಷವೂ ತಡೆದಿರಲಿಲ್ಲ.

ಒಂದು, ಎರಡು, ಮೂರು, ನಾಲ್ಕು ಸೆಕೆಂಡು. ಮಾಹಿತಿ ಕಾಗವಾಡದ ಕಡೆ ಹೊರಳಿತು. ನೀಲಮ ಉಸಿರು ಬಿಟ್ಟಳು. ಎರಡು ನಿಮಿಷಕ್ಕೆ ಉಗಾರ ಹಸಿರಾಯಿತು. ನಿಜವಾದ ಪರೀಕ್ಷೆ ಈಗಲೇ. ಭರಮು ಅವರ ಫೋನು ಬಡಿದುಕೊಳ್ಳತೊಡಗಿತು. ಉಗಾರದವರಿಗೆ ನೆಟ್ ಇಲ್ಲವಂತೆ. ಭರಮು ಅವರ ಕೈ ತಾನಾಗಿ ಎದುರಿನ ರೌಟರಿನ ಸ್ವಿಚ್ಚಿನ ಕಡೆ ಸರಿಯಿತು.

“ಒಮ್ಮಿ ಬಂದ ಮಾಡಿ ಚಾಲೂ ಮಾಡ್ತೀನಿ ತಂಗಿ. ಇಪ್ಪತ್ತ ವರ್ಷದ ಅನುಭವ ಐತಿ ನಂದು.”

“ಕಾಕಾ, ನಿಮ್ಮ ಅಳಿಯಾ ಮನಿಗಿ ಬಂದ್ರ ಹೊಸ್ತಿಲದಾಗ ನಿಂದರಿಸಿ, ಊರಿನ ಸುದ್ದಿ ಎಲ್ಲಾ ಹೇಳಂತೀರೇನ್ರಿ?”

“ಹ್ಯಾಂಗ ಕೇಳ್ತೀನಿ? ಮೊದಲ ಬೆಲ್ಲಾ-ನೀರ.”

“ಉಗಾರದ್ದೂ ಈಗ ಬೆಲ್ಲಾ ತಿನ್ನಾಕತ್ತೈತಿ. ಕೈ ತಗೀರಿ.”

ಭರಮು ಕೈಯನ್ನು ಕಿಸೆಗೆ ತುರುಕಿಕೊಂಡರು. ಉಗಾರ ಮತ್ತೆ ಕೆಂಪಾಯಿತು, ಮತ್ತೆ ಹಸಿರಾಯಿತು, ಮತ್ತೊಮ್ಮೆ ಕೆಂಪು. ಕಾಗವಾಡದ ದಾರಿ ಮಾತ್ರ ಅಲುಗಲಿಲ್ಲ. ಕೊನೆಗೆ ಉಗಾರ ಹಸಿರಾಗಿ ನಿಂತಿತು. ನೀಲಮ ಗಡಿಯಾರ ನೋಡುತ್ತ ಕುಳಿತಳು. ಸರಿಯಾಗಿ ಐದು ನಿಮಿಷಕ್ಕೆ ಮಾಹಿತಿಯ ಹೊಳೆ ಒಂದು ಹನಿ ಚೆಲ್ಲದೆ ಉಗಾರದ ಕಡೆ ತಿರುಗಿತು. ಭರಮು ಕುರ್ಚಿಯಿಂದ ಎದ್ದೇ ನಿಂತರು. ಇಂಥದ್ದನ್ನು ಕುಸ್ತಿಯ ಕಣದಲ್ಲಿಯೂ ಕಂಡಿಲ್ಲವೆಂದರು.

ಹನ್ನೆರಡೂವರೆಗೆ ದೀಪಾಲಿಯ ಫೋನು ಬಂತು. ಒಮ್ಮೆ ಮಾತ್ರ ಪರೀಕ್ಷಕರ ಬಾಯಿ ತೆರೆದಂತೆಯೇ ನಿಂತಿತ್ತಂತೆ, ನಾಲ್ಕೈದು ಎಣಿಸುವಷ್ಟರಲ್ಲಿ ಮುಚ್ಚಿತಂತೆ. ಆಮೇಲೆ ಒಂದೂ ತೊಂದರೆಯಿಲ್ಲ. ಇದನ್ನು ಹೇಳುತ್ತ ಅವಳು ನಕ್ಕಳು, ಕೇಳುತ್ತ ನೀಲಮ ಅತ್ತಳು. ಹದಿನೈದು ದಿನಕ್ಕೆ ಫಲಿತಾಂಶ ಬಂತು. ದೀಪಾಲಿ ಮೊದಲ ದರ್ಜೆಯಲ್ಲಿ ಪಾಸಾಗಿದ್ದಳು.

ಭರಮು ಆ ಸಂತೋಷಕ್ಕೆ ರೌಟರಿನ ಮೇಲೆ ಒಂದು ಬೆಲ್ಲದ ಉಂಡೆ ಇಟ್ಟರು. ಮರುದಿನ ಪೆಟ್ಟಿಗೆಯೊಳಗೆ ಇರುವೆಗಳ ದಿಂಡಿಯಾತ್ರೆಯೇ ಹೊರಟಿತ್ತು. ನೀಲಮ ಅರ್ಧ ದಿನ ಬಿಚ್ಚಿ ಒರೆಸಿ, ಅವರಿಗೆ ಒಂದು ವಾರ ಸ್ವಿಚ್ಚು ಮುಟ್ಟದ ಶಿಕ್ಷೆ ವಿಧಿಸಿದಳು. ಕಂಪನಿಯವರ ಬಾಯಲ್ಲಿ ಆ ಐದು ನಿಮಿಷಕ್ಕೆ ಈಗಲೂ ಬೆಲ್ಲ-ನೀರು ಎಂದೇ ಹೆಸರು.

ಈಗ ಉತ್ತಮ ಅವರು ನಿಪ್ಪಾಣಿ, ಚಿಕ್ಕೋಡಿ, ರಾಯಬಾಗಗಳನ್ನು ಸೇರಿಸಿ ಹೊಸ ಬಳೆ ಸುತ್ತುತ್ತಿದ್ದಾರೆ. ಅದರ ಹೊಣೆ ನೀಲಮಳದು. ಊರೂರಿಗೆ ಸ್ಕೂಟಿಯ ಮೇಲೆ ಹೋಗಿ, ಹಾಡುಹಗಲೇ ತಾನೇ ರೌಟರಿನ ಪ್ಲಗ್ಗು ಕಿತ್ತು, ಮತ್ತೆ ಸಿಕ್ಕಿಸಿ, ಐದು ನಿಮಿಷ ಎಣಿಸುತ್ತಾಳೆ. ನಿವೃತ್ತರಾದ ಮಾಸ್ತರರು ಮೊನ್ನೆ ಫೋನು ಮಾಡಿ, ರಾಯಬಾಗದ ಕೆಲಸ ಆಯಿತೇ, ಅಲ್ಲಿ ಎಲ್ಲವೂ ಸರಿಯಿದೆಯೇ ಎಂದು ಕೇಳಿದರು.

“ಈಗರ ಪ್ಲಗ್ಗ ಹಾಕೀನ್ರಿ ಸರ. ಇನ್ನೂ ನೋಡಿಲ್ಲ. ನೋಡಿ ಹೇಳ್ತೀನಿ, ಫೋನ ಇಡಬ್ಯಾಡ್ರಿ.”

ಮಾಸ್ತರರು ಫೋನು ಕಿವಿಗೆ ಹಿಡಿದುಕೊಂಡು ಐದು ನಿಮಿಷ ಕಾದರು.