ಅಕ್ಕನ ಐನೂರನೆಯ ಡಬ್ಬಿ

೨೦೧೮ನೆಯ ಇಸವಿ ಜನವರಿ ೧೧, ಗುರುವಾರ. ಚಳಿಗಾಲದ ನಡುಭಾಗ. ಬೆಳಗಿನ ಆರೂವರೆಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ರೈಲು ನಿಲ್ದಾಣದ ಗಡಿಯಾರದ ಮುಖವೊಂದೇ ಬಿಳುಪಿನಲ್ಲಿ ತೇಲುತ್ತಿತ್ತು. ಅದನ್ನು ಹೊತ್ತ ಕಂಬ ಎಲ್ಲಿಯೂ ಕಾಣುತ್ತಿರಲಿಲ್ಲ. ಎಲೆಯೊಂದೂ ಅಲುಗುತ್ತಿರಲಿಲ್ಲ. ಆರು ಐವತ್ತರ ಗಾಡಿಗಾಗಿ ಎರಡನೆಯ ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಅಕ್ಕ ಮತ್ತು ತಮ್ಮ ಒಂದೇ ಶಾಲನ್ನು ಇಬ್ಬರ ಮೊಣಕಾಲಿಗೂ ಹೊದ್ದು ಕುಳಿತಿದ್ದರು.

ತಮ್ಮನಿಗೆ ಆಗ ಐವತ್ತೇಳು ವರ್ಷ. ಮುದ್ರಣಾಲಯವೊಂದರಲ್ಲಿ ಮೂವತ್ತೆರಡು ವರ್ಷಗಳಿಂದ ಕರಡು ತಿದ್ದುವ ಕೆಲಸ. ಅಲ್ಲಿ ಅವರನ್ನು ಎಲ್ಲರೂ ಕೊಂಬಿನ ಮೇಷ್ಟ್ರು ಎನ್ನುತ್ತಿದ್ದರು. ೧೯೯೪ರ ಆಗಸ್ಟ್ ೯ರಂದು ಗುಣಾಕಾರದ ಪುಸ್ತಕವೊಂದರ ಹೊದಿಕೆಯಲ್ಲಿ ಗಕಾರದ ಕೊಂಬು ಬಿದ್ದುಹೋಗಿ, ಅದು ಗಣಾಕಾರವಾಗಿ ಅಚ್ಚಾಗತೊಡಗಿತ್ತು. ಇವರು ಓಡುವ ಯಂತ್ರದ ಎದುರಿಗೇ ನಿಂತು ಅದನ್ನು ನಿಲ್ಲಿಸಿದ್ದರು. ಅಕ್ಷರಕ್ಕೆ ಬರಬೇಕಾಗಿದ್ದ ಕೊಂಬು ಮೇಷ್ಟ್ರಿಗೇ ಬಂತೆಂದು ಯಂತ್ರದವನು ಆಡಿದ ಮಾತು ಅಂದಿನಿಂದ ಅವರ ಹೆಸರಾಗಿ ನಿಂತಿತು. ಅವರಿಗೆ ಅದರಿಂದ ಬೇಸರವೇನೂ ಆಗಿರಲಿಲ್ಲ. ಅಂಗಡಿಯ ಫಲಕವಾಗಲಿ, ಔಷಧದ ಚೀಟಿಯಾಗಲಿ, ತಪ್ಪು ಅವರ ಕಣ್ಣಿಗೆ ಬೀಳುವುದೂ ನಾಲಿಗೆ ಅದನ್ನು ತಿದ್ದಿಕೊಳ್ಳುವುದೂ ಒಂದೇ ಉಸಿರಿನಲ್ಲಿ ಮುಗಿಯುತ್ತಿತ್ತು. ಅವರು ಗಟ್ಟಿಯಾಗಿ ಓದಿದರೆ ಕೇಳುವವರಿಗೆ ಅಲ್ಲೊಂದು ತಪ್ಪಿತ್ತೆಂಬುದೇ ತಿಳಿಯುತ್ತಿರಲಿಲ್ಲ.

ಅಕ್ಕ ಅವರಿಗಿಂತ ಒಂಬತ್ತು ವರ್ಷ ದೊಡ್ಡವರು, ಆಸ್ಪತ್ರೆಯ ವಾರ್ಡಿನಲ್ಲಿ ನರ್ಸಾಗಿದ್ದು ನಿವೃತ್ತರಾದವರು. ೨೦೧೦ರ ಮಾರ್ಚಿನಿಂದ ಅವರಿಗೆ ಜಿಯೋಕ್ಯಾಶಿಂಗ್ ಎಂಬ ಹುಚ್ಚು ಹಿಡಿದಿತ್ತು. ಯಾರೋ ಎಲ್ಲೋ ಒಂದು ಪುಟ್ಟ ಡಬ್ಬಿಯನ್ನು ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶಗಳನ್ನೂ ಒಂದು ಸುಳಿವನ್ನೂ ಜಾಲತಾಣದಲ್ಲಿ ಹಾಕುತ್ತಾರೆ. ಬೇರೆಯವರು ಫೋನು ಹಿಡಿದು ಹುಡುಕಿ, ಡಬ್ಬಿಯೊಳಗಿನ ಕಾಗದದ ಸುರುಳಿಯಲ್ಲಿ ಹೆಸರು ಮತ್ತು ತಾರೀಖು ಬರೆದು, ಇದ್ದಲ್ಲಿಯೇ ಇಟ್ಟು ಬರುತ್ತಾರೆ. ಲಾಭವೆಂಬುದು ಚಿಕ್ಕಾಸಿನಷ್ಟೂ ಇಲ್ಲ. ಅಕ್ಕ ಹೀಗೆ ನಾನೂರ ತೊಂಬತ್ತೊಂಬತ್ತು ಡಬ್ಬಿಗಳನ್ನು ಹುಡುಕಿದ್ದರು.

ಆದರೆ ೨೦೧೭ರ ಡಿಸೆಂಬರ್ ೨೮ರಂದು ಕಣ್ಣಿನ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಿದ್ದರು: ಎರಡೂ ಕಣ್ಣಿನ ನಡುಭಾಗ ಸವೆಯುತ್ತಿದೆ, ಬೇಸಿಗೆಯ ಹೊತ್ತಿಗೆ ಅಕ್ಷರ ಹೋಗುತ್ತದೆ, ಮುಖಗಳೂ ಹೋಗುತ್ತವೆ, ಅಂಚಿನ ನೋಟವಷ್ಟೇ ಉಳಿದೀತು. ಅಕ್ಕ ಅಳಲಿಲ್ಲ. ಐನೂರನೆಯದೊಂದನ್ನು ಮಾತ್ರ ತನ್ನ ಕಣ್ಣಿನಿಂದಲೇ ಕಂಡುಹಿಡಿಯಬೇಕೆಂದರು. ಬೇರೆಯವರು ಹುಡುಕಿ ಕೈಗಿಡುವುದು ಬೇಡ. ತಮ್ಮ ಬಂದು ಸುಳಿವನ್ನು ಓದಿ ಹೇಳಿದರೆ ಸಾಕು. ಫೋನಿನ ಅಕ್ಷರವನ್ನು ಎಷ್ಟು ದೊಡ್ಡದು ಮಾಡಿದರೂ ಅದರ ಹೊಟ್ಟೆಯಲ್ಲೊಂದು ಬೂದು ಮೋಡ ಕುಳಿತಿರುತ್ತಿತ್ತು.

ಗಾಡಿ ಸದ್ದಿಲ್ಲದೆ ಬಂದು, ಸದ್ದಿಲ್ಲದೆ ಹೊರಟಿತು. ಕಿಟಕಿಯ ಹೊರಗೆ ನೆಲವೆಂಬುದೇ ಇರಲಿಲ್ಲ. ಒಮ್ಮೆ ಒಂದು ಮರದ ತಲೆ, ಒಮ್ಮೆ ಒಂದು ಸೇತುವೆಯ ಕಮಾನು, ಒಮ್ಮೆ ಹಗ್ಗದ ಮೇಲೆ ಮರೆತುಬಿಟ್ಟ ಕೆಂಪು ಅಂಗಿ ಹಾಲಿನೊಳಗಿನಿಂದ ಎದ್ದು ಬಂದು ಮತ್ತೆ ಹಾಲಿಗೇ ಇಳಿಯುತ್ತಿದ್ದವು. ಬೋಗಿಯಲ್ಲಿದ್ದ ಹತ್ತು ಮಂದಿ ಒಂದೇ ಕನಸನ್ನು ಹಂಚಿಕೊಂಡವರಂತೆ ತೂಗುತ್ತಿದ್ದರು. ಅಕ್ಕ ಮಾತ್ರ ಕಿಟಕಿಯ ಕಡೆಗೆ ತಿರುಗದೆ ತಮ್ಮನ ಮುಖವನ್ನೇ ದಿಟ್ಟಿಸುತ್ತಿದ್ದರು.

"ಏನಕ್ಕ, ನನ್ನನ್ನೇ ನೋಡ್ತಾ ಇದ್ದೀಯ?"

"ನಿನ್ನನ್ನ ಯಾರು ನೋಡ್ತಾರೋ. ನಿನ್ನ ಕಡೆ ಮುಖ ಮಾಡಿದರೆ ಕಿಟಕಿ ಚೆನ್ನಾಗಿ ಕಾಣತ್ತೆ. ನಿನ್ನ ಮುಖದ ಜಾಗದಲ್ಲಿ ಒಂದು ಮೋಡ ಇದೆ. ಮೊದಲಿಗಿಂತ ವಾಸಿ."

ಮೇಷ್ಟ್ರು ನಕ್ಕರು, ಆಮೇಲೆ ಬಹಳ ಹೊತ್ತು ಕನ್ನಡಕವನ್ನು ಒರೆಸುತ್ತ ಕುಳಿತರು.

ಒಂಬತ್ತು ಇಪ್ಪತ್ತಕ್ಕೆ ನಗರ ಬಂತು. ಚಹಾ ಕುಡಿದು, ಫೋನಿನ ಬಾಣ ತೋರಿಸಿದ ದಿಕ್ಕಿನಲ್ಲಿ ಇಬ್ಬರೂ ನಡೆದರು. ಮಂಜು ಬೀದಿಗಳನ್ನು ನೆನೆದ ಕಾಗದದಂತೆ ಮೆತ್ತಗೆ ಮಾಡಿತ್ತು. ಹತ್ತು ಗಂಟೆಗೆ ನದಿಯ ಪಕ್ಕದ ಒಂದು ಓಣಿಗೆ ತಲುಪಿದರು. ಒಂದು ಬದಿಗೆ ಮನೆಗಳು. ಇನ್ನೊಂದು ಬದಿಗೆ ಬಳಕೆಯಲ್ಲಿಲ್ಲದ ಉಗ್ರಾಣದ ಉದ್ದನೆಯ ಇಟ್ಟಿಗೆ ಗೋಡೆ. ಬಾಣ ಅಲ್ಲಿಗೆ ಬಂದು ಗಿರಗಿರನೆ ಸುತ್ತತೊಡಗಿತು. ಇಕ್ಕಟ್ಟಿನ ಓಣಿಯಲ್ಲಿ ಅದನ್ನು ನಂಬುವಂತಿಲ್ಲ, ಸುಳಿವು ಓದು ಎಂದರು ಅಕ್ಕ.

"ಗೋಡೆಯ ಬಲತುದಿ. ಅಲ್ಲಿ ನೋಡಿ," ಎಂದು ಮೇಷ್ಟ್ರು ಸ್ಪಷ್ಟವಾಗಿ ಓದಿದರು.

ನೋಡಿದರು. ಇಟ್ಟಿಗೆಯ ಒಂದೊಂದು ಸಂದಿಯನ್ನೂ ಬೆರಳಿನಿಂದ ಸವರಿದರು. ಮೋರಿಯ ಜಾಲರಿ, ಕಿಟಕಿಯ ಅಡಿಗಟ್ಟು, ತುಕ್ಕು ಹಿಡಿದ ಬಾಗಿಲಿನ ಬಿಜಾಗರಿ, ಯಾವುದನ್ನೂ ಬಿಡಲಿಲ್ಲ. ಎದುರು ಮಹಡಿಯಲ್ಲಿ ಬಟ್ಟೆ ಹರವುತ್ತಿದ್ದ ಹೆಂಗಸು ಏನು ಕಳೆದುಹೋಯಿತೆಂದು ಕೇಳಿದಳು. ಒಂದು ಡಬ್ಬಿ ಎಂದರು ಮೇಷ್ಟ್ರು. ಏನಿತ್ತು ಅದರಲ್ಲಿ ಎಂದಳು. ಏನೂ ಇರಲಿಲ್ಲ ಎಂದರು. ಅವಳು ಒಳಗೆ ಹೋಗಿ ಗಂಡನನ್ನೂ ಕರೆತಂದು ತೋರಿಸಿದಳು.

ಮಧ್ಯಾಹ್ನ ಹನ್ನೆರಡಾಯಿತು, ಎರಡಾಯಿತು. ಬ್ರೆಡ್ಡು ತಿಂದರು, ಕಿತ್ತಳೆ ಸುಲಿದರು. ಮಂಜು ಕರಗಿ ತೆಳುವಾದ ಬಿಸಿಲು ಬಂತು. ಅದೂ ಓಣಿಯ ನೆತ್ತಿಯನ್ನಷ್ಟೇ ಮುಟ್ಟಿ ಹಿಂದಿರುಗಿತು. ಮೂರೂವರೆಯ ಹೊತ್ತಿಗೆ ಅಕ್ಕ ಒಂದು ಮೆಟ್ಟಿಲಿನ ಮೇಲೆ ಕುಳಿತುಬಿಟ್ಟರು. ನಾಲ್ಕು ಮೂವತ್ತೈದಕ್ಕೆ ಗಾಡಿ. ಆ ಇಕ್ಕಟ್ಟಿನ ಓಣಿಯೊಳಗೆ ಬೆಳಕು ಇನ್ನು ಒಂದು ಗಂಟೆ ಇದ್ದೀತು. ಮತ್ತೊಂದು ದಿನ ಬರೋಣವೆಂದು ಮೇಷ್ಟ್ರು ಹೇಳಲು ಹೋಗಿ, ಮತ್ತೊಂದು ದಿನ ಎಂಬ ಮಾತು ಅಕ್ಕನ ಪಾಲಿಗೆ ಈಗ ಮೊದಲಿನಂತಿಲ್ಲವೆಂಬುದು ಹೊಳೆದು ಫೋನನ್ನು ಮತ್ತೆ ಕೈಗೆತ್ತಿಕೊಂಡರು.

"ಸುಳಿವು ಇನ್ನೊಂದು ಸಲ ಓದು," ಎಂದರು ಅಕ್ಕ.

"ಗೋಡೆಯ ಬಲತುದಿ. ಅಲ್ಲಿ ನೋಡಿ."

"ಅಷ್ಟೇನಾ? ಏನೂ ಬಿಟ್ಟಿಲ್ಲ ತಾನೇ?"

"ನಾನು ಬಿಡೋದುಂಟಾ? ಒಂದು ಕಾಗುಣಿತದ ತಪ್ಪಿತ್ತು, ಸರಿ ಮಾಡಿ ಓದಿದೆ. ಬರೆದ ಪುಣ್ಯಾತ್ಮನಿಗೆ ಅಕಾರ ಹಕಾರ ಗೊತ್ತಿಲ್ಲ. 'ಅಲ್ಲಿ ನೋಡಿ' ಅನ್ನೋದಕ್ಕೆ 'ಹಲ್ಲಿ ನೋಡಿ' ಅಂತ ಹಾಕಿದ್ದಾನೆ."

ಅಕ್ಕ ಮೆಟ್ಟಿಲಿನಿಂದಲೇ ಅವರತ್ತ ಮುಖ ಎತ್ತಿದರು.

"ನಾನು ನಿನ್ನ ಕಣ್ಣು ಕೇಳಿದ್ದೆ ತಮ್ಮಾ," ಎಂದರು ಅಕ್ಕ ಮೆಲ್ಲಗೆ. "ತಿದ್ದಿ ಕೊಡು ಅಂತ ಕೇಳಿರಲಿಲ್ಲ."

ಮೇಷ್ಟ್ರು ತಟ್ಟನೆ ಗೋಡೆಯ ಬಲತುದಿಯತ್ತ ತಿರುಗಿದರು. ಏಕೆಂದರೆ ಆ ಹಲ್ಲಿಯನ್ನು ಅವರು ಬೆಳಗ್ಗೆಯೇ ನೋಡಿದ್ದರು. ಬಲತುದಿಯಲ್ಲಿ ಮಳೆನೀರಿನ ಕೊಳವೆಯನ್ನು ಗೋಡೆಗೆ ಬಿಗಿದ ಕಬ್ಬಿಣದ ಪಟ್ಟಿಯ ಮೇಲೆ, ಆಳೆತ್ತರದಲ್ಲಿ, ಬೂದುಬಣ್ಣದ ಒಂದು ಹಲ್ಲಿ ಕುಳಿತಿತ್ತು. ಚಿಕ್ಕಂದಿನಿಂದಲೂ ಹಲ್ಲಿ ಕಂಡರೆ ಅವರ ಮೈ ಜುಮ್ಮೆನ್ನುತ್ತಿತ್ತು. ಆದ್ದರಿಂದ ಆ ಕೊಳವೆಯ ಬಳಿಗೆ ತಾವೂ ಸುಳಿಯದೆ, ಅಕ್ಕನನ್ನೂ ಉಪಾಯವಾಗಿ ಆಚೆಗೆ ಕರೆದೊಯ್ದಿದ್ದರು. ಇಂಥ ಚಳಿಯಲ್ಲಿ ಹಲ್ಲಿ ಸಂದಿಯಿಂದ ಹೊರಗೆ ಬರುವುದಿಲ್ಲವೆಂಬುದು ಐದೂವರೆ ಗಂಟೆಗಳಲ್ಲಿ ಒಮ್ಮೆಯೂ ಅವರ ತಲೆಗೆ ಬಂದಿರಲಿಲ್ಲ.

"ಅಕ್ಕ, ಅದು ಎಲ್ಲಿದೆ ಅಂತ ನನಗೆ..."

"ನೋಡಿದ್ದೀಯಾ?"

"ನೋಡಿದ್ದೀನಿ."

"ಹಾಗಾದರೆ ಬಾಯಿ ಹೊಲಿದುಕೋ."

ಅಕ್ಕ ಎದ್ದರು. ಗೋಡೆಯ ಬಲತುದಿಗೆ ಹೋಗಿ ಎದುರಿಗೆ ನಿಂತರು. ನೇರವಾಗಿ ನೋಡಿದ ಕಡೆಯೆಲ್ಲ ಮೋಡ ಬಂದು ಕೂರುತ್ತಿತ್ತು. ಇಟ್ಟಿಗೆಗಳು ಅದರೊಳಗೆ ಮುಳುಗಿ ಹೋಗುತ್ತಿದ್ದವು. ಎರಡು ಬಾರಿ ಅವರ ನೋಟ ಕೊಳವೆಯನ್ನು ದಾಟಿ ಹೋಯಿತು. ಮೇಷ್ಟ್ರು ಶಾಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಿಂತರು. ಮೂವತ್ತೆರಡು ವರ್ಷದಲ್ಲಿ ಯಾವ ಪುಟದ ಮುಂದೆಯೂ ಅವರು ಇಷ್ಟು ಹೊತ್ತು ಕೈಕಟ್ಟಿ ನಿಂತವರಲ್ಲ.

ಆಗ ಅಕ್ಕ ಗೋಡೆಗೆ ಬೆನ್ನನ್ನೇ ಕೊಡುವವರಂತೆ ಓಣಿಯ ತುದಿಗೆ ಕಾಣುವ ನದಿಯತ್ತ ಮುಖ ತಿರುಗಿಸಿದರು. ನೀರಿನ ಮೇಲೆ ಮತ್ತೆ ಮಂಜು ಕಟ್ಟುತ್ತಿತ್ತು. ದೂರದ ದೋಣಿಯೊಂದು ಗಾಳಿಯಲ್ಲಿ ಜಾರಿದಂತೆ ಜಾರುತ್ತಿತ್ತು. ಅವರು ಆ ದೋಣಿಯನ್ನೇ ನೋಡುತ್ತಿರುವಂತೆ ಕಂಡಿತು. ಬಲಗಣ್ಣಿನ ಕೊನೆಯಂಚಿನಲ್ಲಿ ಮಾತ್ರ ಗೋಡೆ ನಿಧಾನವಾಗಿ ತಿಳಿಯಾಗುತ್ತ ಬಂತು: ಕೆಂಪು, ಕೆಂಪು, ಕೊಳವೆಯ ಕಪ್ಪು, ಅದರ ಮೇಲೆ ನಾಲ್ಕು ಕಾಲು, ಒಂದು ಬಾಲ.

"ಸಿಕ್ಕಿದೆ," ಎಂದರು ಅಕ್ಕ, ದೋಣಿಯನ್ನೇ ನೋಡುತ್ತ. ಕೈಯನ್ನು ಪಕ್ಕಕ್ಕೆ ಚಾಚಿ ಹಲ್ಲಿಯ ನಡುವನ್ನು ಹಿಡಿದು ಎಳೆದರು. ಅಯಸ್ಕಾಂತ ಟಪ್ಪೆಂದು ಬಿಟ್ಟಿತು. ರಬ್ಬರಿನ ಹೊಟ್ಟೆಯಡಿಯಲ್ಲಿ ಬೆರಳುದ್ದದ ಡಬ್ಬಿ. ಅದರೊಳಗೆ ಕಾಗದದ ಸುರುಳಿ.

ಮೇಷ್ಟ್ರು ಬರೆಯಲು ಪೆನ್ನು ಕೊಟ್ಟರು. ತಪ್ಪಾಯಿತು ಎಂದರು. ಮುಟ್ಟಿ ನೋಡು, ಕಚ್ಚೋದಿಲ್ಲ ಎಂದರು ಅಕ್ಕ. ಮೇಷ್ಟ್ರು ಒಂದು ಬೆರಳಿನಿಂದ ಅದರ ಬಾಲವನ್ನು ಮುಟ್ಟಿದರು.

ಸುರುಳಿಯಲ್ಲಿ ಬರೆದ ಹೊತ್ತು ಸಂಜೆ ನಾಲ್ಕು ಗಂಟೆ ಹನ್ನೆರಡು ನಿಮಿಷ. ನಾಲ್ಕು ಮೂವತ್ತೈದರ ಗಾಡಿ ತಪ್ಪಿತು. ಇಬ್ಬರೂ ಆರು ಹತ್ತರ ಗಾಡಿಯಲ್ಲಿ ಊರಿಗೆ ಮರಳಿದರು. ೨೦೧೮ರ ಮಾರ್ಚ್ ೧೬, ಶುಕ್ರವಾರದ ಪರೀಕ್ಷೆಯಲ್ಲಿ ಅಕ್ಕನಿಗೆ ಗೋಡೆಯ ಪಟ್ಟಿಯ ಅತಿ ದೊಡ್ಡ ಅಕ್ಷರವೂ ಕಾಣಲಿಲ್ಲ. ಅವರ ಲೆಕ್ಕ ಐನೂರಕ್ಕೆ ನಿಂತಿತು. ತಮ್ಮ ೨೦೧೯ರ ಮೇ ೩೧ರಂದು ಕೆಲಸದಿಂದ ನಿವೃತ್ತರಾದರು. ಮರುದಿನದಿಂದ ದಿನವೂ ಬೆಳಗ್ಗೆ ಏಳಕ್ಕೆ ಅಕ್ಕನ ಮನೆಗೆ ಹೋಗಿ ಪತ್ರಿಕೆ ಓದುತ್ತಾರೆ. ಅಚ್ಚಾಗಿರುವುದನ್ನು ಇದ್ದಂತೆಯೇ ಮೊದಲು ಓದುತ್ತಾರೆ. ತಿದ್ದುವುದೇನಾದರೂ ಇದ್ದರೆ ಅಕ್ಕ ಕೇಳಿದ ಮೇಲೆ ಹೇಳುತ್ತಾರೆ. ಉಗ್ರಾಣದ ಗೋಡೆಯನ್ನು ಅದೇ ವರ್ಷದ ನವೆಂಬರಿನಲ್ಲಿ ಕೆಡವಲಾಯಿತು.