ಸನಾದ ಬಾಗಿಲ ತನಕ

ಆಗಸ್ಟಿನ ದೋಹಾದಲ್ಲಿ ಹಗಲು ಹೊರಗೆ ಕಾಲಿಡುವಂತಿಲ್ಲ. ಮಗಳು, ಅಳಿಯ ಬೆಳಿಗ್ಗೆಯೇ ವೆಸ್ಟ್ ಬೇಯ ಆಫೀಸುಗಳಿಗೆ ಹೋದ ಮೇಲೆ ನನಗೆ ಉಳಿಯುವುದು ಕಿಟಕಿ ತೆರೆಯಲು ಬಾರದ ಒಂದು ಫ್ಲ್ಯಾಟು ಮತ್ತು ಅದರ ಹೊರಗಿನ ಕಾರಿಡಾರು. ನರ್ಸಾಗಿ ಆಯುಷ್ಯ ಕಳೆದವಳಿಗೆ ಹೊತ್ತಿಗೊಂದು ಕೆಲಸ ಇರಬೇಕು. ಕಾರಿಡಾರಿನಲ್ಲಿ ನಡಿಗೆ, ಸ್ನಾನ, ಗಂಜಿ, ಮಧ್ಯಾಹ್ನ ಒಗೆದ ಬಟ್ಟೆ ಮಡಿಸುವುದು. ನಾಲ್ಕಕ್ಕೆ ಸರಿಯಾಗಿ ಇಸ್ತ್ರಿ ಮಾಡಿದ ಸೀರೆ ಉಟ್ಟು ಎದುರು ಫ್ಲ್ಯಾಟಿನ ಬೆಲ್ ಒತ್ತುತ್ತೇನೆ.

"ಎಂತ ಅಮ್ಮ, ಎದುರು ಮನೆಗೆ ಹೋಗ್ಲಿಕ್ಕೆ ಪಿನ್ ಹಾಕಿದ ಸೀರೆ ಬೇಕಾ?" ಎಂದು ರಜೆಯ ದಿನ ಮಗಳು ನಗುತ್ತಾಳೆ.

"ಡ್ಯೂಟಿಗೆ ನೈಟಿಯಲ್ಲಿ ಹೋಗ್ಲಿಕ್ಕೆ ಆಗ್ತದಾ ಮಗಾ?"

ಆ ಮನೆಯಲ್ಲಿ ಯಮನ್ ದೇಶದ ಒಬ್ಬ ವೃದ್ಧೆ ಇದ್ದಾರೆ. ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿದೆ. ಯುದ್ಧ ಶುರುವಾದಾಗ ಮಗ ಕರೆತಂದ. ಮತ್ತೆ ಹಿಂದಿರುಗಲು ಆಗಿಲ್ಲ. ಅವರ ಊರು ಸನಾ, ಬೆಟ್ಟಗಳ ನಡುವೆ ಕೋಟೆಗೋಡೆಯೊಳಗಿನ ಹಳೆಯ ಪಟ್ಟಣ. ಮದುವೆಗೆ ಮೊದಲು ನಾನು ಅಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದೆ. ರಜೆಯ ಶುಕ್ರವಾರ ಹಾಸ್ಟೆಲ್ಲಿನ ನರ್ಸುಗಳೆಲ್ಲ ಗುಂಪಾಗಿ ಹಳೆ ಪಟ್ಟಣ ನೋಡಲು ಹೋಗುತ್ತಿದ್ದೆವು. ಆಸ್ಪತ್ರೆಯಲ್ಲಿ ಕಲಿತ ಮುರುಕು ಅರಬ್ಬಿಯಲ್ಲಿ ಇದನ್ನು ಹೇಳಿದ ದಿನ ಅವರು ನನ್ನ ಕೈ ಹಿಡಿದುಕೊಂಡು, "ಹಾಗಾದರೆ ನನ್ನನ್ನು ಮನೆಗೆ ಕರೆದುಕೊಂಡು ಹೋಗು" ಎಂದರು.

ಅಂದಿನಿಂದ ದಿನಾ ನಾವು ಸೋಫಾದಲ್ಲಿ ಕುಳಿತೇ ಸನಾಕ್ಕೆ ಹೋಗುತ್ತಿದ್ದೆವು. ನಾನು ದಾರಿ ಹೇಳಬೇಕು, ತಪ್ಪಿದರೆ ಅವರು ತಿದ್ದಬೇಕು. ಕಮಾನಿನ ಹೆಬ್ಬಾಗಿಲು, ಒಣದ್ರಾಕ್ಷಿ ಮತ್ತು ಮಸಾಲೆಯ ಅಂಗಡಿಗಳು, ಬೆಳ್ಳಿ ಕೆಲಸದವರ ಬೀದಿ. ಅಲ್ಲಿಯವರೆಗೆ ನನಗೆ ಗೊತ್ತು. ಮುಂದಿನದು ಅವರು ಕಲಿಸಿದ್ದು. ಕಣ್ಣಿಗೆ ಬಟ್ಟೆ ಕಟ್ಟಿದ ಒಂಟೆ ಸುತ್ತುವ ಎಳ್ಳೆಣ್ಣೆ ಗಾಣ, ಪಕ್ಕದ ಓಣಿ, ಓಣಿಯ ಕೊನೆಗೆ ಅವರ ಮನೆ. ಸುಟ್ಟ ಇಟ್ಟಿಗೆಯ ಗೋಡೆ, ಬಿಳಿ ಪಟ್ಟಿಗಳು, ಐದು ಅಂತಸ್ತು. ಬಾಗಿಲು ತಟ್ಟಿದರೆ ಮೇಲಿನಿಂದ ಯಾರಾದರೂ ಹಗ್ಗ ಎಳೆಯುತ್ತಾರೆ, ಕೆಳಗೆ ಅಗಳಿ ಕಳಚುತ್ತದೆ. ನಾನು ಅಲ್ಲಿಗೆ ಮುಟ್ಟಿದೊಡನೆ ಅವರು ಗಾಳಿಯಲ್ಲಿ ಕೈಯೆತ್ತಿ ಹಗ್ಗ ಎಳೆಯುವರು. "ಯಲ್ಲಾ, ಮೇಲೆ ಬಾ!" ಆಮೇಲೆ ಚಹಾ.

ಹೋದ ಆಗಸ್ಟಿನಲ್ಲಿ ಒಂದು ಸಂಜೆ ಅವರ ಮಗ ನನ್ನನ್ನು ಕಾರಿಡಾರಿನಲ್ಲಿ ತಡೆದ. "ಖಾಲಾ" ಎಂದ. ತಾಯಿಯ ತಂಗಿಯನ್ನು ಅವರು ಕರೆಯುವುದು ಹಾಗೆ. ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ಸನಾದಲ್ಲಿ ಬಿಡದೆ ಮಳೆ ಸುರಿದು ಅವರ ಆ ಮನೆ ಕುಸಿದಿತ್ತು. ಒಳಗೆ ಯಾರೂ ಇರಲಿಲ್ಲ.

"ಉಮ್ಮಾಗೆ ಹೇಳಬೇಡಿ. ಆ ಮನೆಗೆ ಹೋಗಬೇಕು ಅಂತಲೇ ಅವಳು ಇನ್ಸುಲಿನ್ ಚುಚ್ಚಿಸಿಕೊಳ್ಳುವುದು. ಗೊತ್ತಾದರೆ ಖಲಾಸ್."

"ನಾನಾಗಿ ಹೇಳುವುದಿಲ್ಲ" ಎಂದಷ್ಟೇ ಮಾತು ಕೊಟ್ಟೆ. ರೋಗಿಗೆ ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ.

ಮರುದಿನ ಜ್ವರವೆಂದು ಮನೆಯಲ್ಲಿ ಉಳಿಯಬಹುದಿತ್ತು. ಸುಳ್ಳು ರಜೆ ಹಾಕಿದವಳಲ್ಲ, ಹೋದೆ. ಹೆಬ್ಬಾಗಿಲು, ಮಸಾಲೆ, ಬೆಳ್ಳಿ ಎಲ್ಲ ದಾಟಿ ಗಾಣದ ಹತ್ತಿರ ಬಂದಾಗ ನಾಲಿಗೆ ನಿಂತುಬಿಟ್ಟಿತು. ಮುಂದೆ ಆ ಓಣಿ ಬಿಟ್ಟರೆ ಬೇರೆ ದಾರಿಯಿಲ್ಲ, ಹಿಂದೆ ತಿರುಗಿದರೂ ಅದೇ ಸೋಫಾ, ಅದೇ ಮುಚ್ಚಿದ ಕಿಟಕಿ. ಗಂಟಲು ಕೆರೆಯುತ್ತಿದೆ ಎಂದು ಎದ್ದು ಬಂದೆ. ಎರಡನೆಯ ದಿನ ಒಂಟೆಗೆ ಮೇವು ಹಾಕುವುದನ್ನೇ ಉದ್ದಕ್ಕೆ ವರ್ಣಿಸಿ ಹೊತ್ತು ಕಳೆದೆ. ಮೂರನೆಯ ದಿನ ಬೇರೇನೂ ಹೊಳೆಯದೆ, "ಓಣಿಯಲ್ಲಿ ಮಳೆನೀರು ನಿಂತಿದೆ, ನಾಳೆ ಹೋಗೋಣ" ಎಂದೆ.

ಅವರು ತಸ್ಬಿಯ ಜಪಮಣಿ ಎಣಿಸುವುದನ್ನು ನಿಲ್ಲಿಸಿದರು.

"ನೀನು ನರ್ಸು. ಅರ್ಧ ವಾರ್ಡು ನೋಡಿ ಮನೆಗೆ ಹೋಗುವ ಜಾತಿಯಲ್ಲ. ಮೂರು ದಿನದಿಂದ ನನ್ನನ್ನು ಒಂಟೆಯ ಹತ್ತಿರ ನಿಲ್ಲಿಸಿ ಓಡುತ್ತಿದ್ದೀಯ." ತಸ್ಬಿಯನ್ನು ಮಡಿಲಲ್ಲಿಟ್ಟು ಕೇಳಿದರು: "ಈ ಮಳೆಗೆ ಎಷ್ಟು ಅಂತಸ್ತು ಉಳಿದಿದೆ?"

ಪಕ್ಕದ ಕೋಣೆಯಲ್ಲಿ ಮಗ ಫೋನಿನಲ್ಲಿ ಮಾತಾಡುತ್ತಿದ್ದ. ನಾನಾಗಿ ಹೇಳುವುದಿಲ್ಲ ಎಂದಿದ್ದೆ. ಕೇಳಿದರೆ ಏನು ಮಾಡಬೇಕೆಂದು ಮಾತಾಗಿರಲಿಲ್ಲ.

"ಕೆಳಗಿನದು ಒಂದು" ಎಂದೆ, ದನಿ ತಗ್ಗಿಸಿ.

"ಕತ್ತೆ ಕಟ್ಟುವ ಅಂತಸ್ತು!" ಅವರು ಬಾಯಿಗೆ ಸೆರಗಿನಂತೆ ಶಾಲು ಒತ್ತಿಕೊಂಡು ನಕ್ಕರು. "ಈ ಮನೆಯಲ್ಲಿ ಗಟ್ಟಿ ಇರುವುದು ಕತ್ತೆಯೊಂದೇ ಅಂತ ನನ್ನ ಅತ್ತೆ ಬೈಯುತ್ತಿದ್ದಳು. ಅವಳ ಮಾತೇ ಗೆಲ್ಲಬೇಕಿತ್ತಾ!"

ನಗು ನಿಂತ ಮೇಲೆ ಮುಖ ಬಿಳಿಚಿತು. ನಾನು ನಾಡಿ ಹಿಡಿಯಲು ಹೋದೆ, ಕೈ ಕೊಡವಿದರು.

"ಮಗನಿಗೆ ಹೇಳಬೇಡ. ಅವನು ಹುಟ್ಟಿದ್ದು ಅಲ್ಲಿ. ನನಗೆ ಗೊತ್ತಾಗಿದೆ ಎಂದರೆ ಅವನಿಗೆ ಅನ್ನ ಇಳಿಯುವುದಿಲ್ಲ."

"ಇನ್ಸುಲಿನ್?"

"ಬೇಡ ಎಂದರೆ ಅವನು ಯಾಕೆ ಅಂತ ಕೇಳುವುದಿಲ್ಲವಾ? ತೆಗೆದುಕೊಳ್ಳುತ್ತೇನೆ, ಹೋಗು."

ಈಗಲೂ ನಾಲ್ಕಕ್ಕೆ ಹೋಗುತ್ತೇನೆ. ಮಗ ಮನೆಯಲ್ಲಿದ್ದರೆ ದಾರಿಯನ್ನು ಇನ್ನಷ್ಟು ಗಟ್ಟಿಯಾಗಿ ಹೇಳುತ್ತೇನೆ, ಅವರೂ ಗಟ್ಟಿಯಾಗಿ ತಿದ್ದುತ್ತಾರೆ. ಅವನಿಲ್ಲದ ದಿನ ಇಬ್ಬರೂ ಸುಮ್ಮನೆ ಚಹಾ ಕುಡಿಯುತ್ತೇವೆ. ಹೊತ್ತು ಮುಳುಗಿದ ಮೇಲೆ ನಾನು ಗಾಳಿಗೆಂದು ಕೆಳಗೆ ಹೊರಟಾಗ ಕೆಲವೊಮ್ಮೆ ಅವನೂ ಲಿಫ್ಟಿಗೆ ಬರುತ್ತಾನೆ. ಬಾಗಿಲು ಮುಚ್ಚುವುದನ್ನೇ ಕಾದು ಕೇಳುತ್ತಾನೆ: "ಉಮ್ಮಾಗೆ ಗೊತ್ತಾಗಿಲ್ಲ ತಾನೇ, ಖಾಲಾ?"

ಕೆಳಗೆ ತಲುಪಲು ಇನ್ನೂ ಹಲವು ಮಹಡಿಗಳಿರುತ್ತವೆ. "ಇಲ್ಲ, ಏನೂ ಗೊತ್ತಿಲ್ಲ" ಎನ್ನುತ್ತೇನೆ. ಅವನು ನನ್ನ ಕೈಚೀಲವನ್ನು ತಾನೇ ಹಿಡಿದುಕೊಂಡು, ಬಾಗಿಲು ತೆರೆಯುವವರೆಗೆ ಥ್ಯಾಂಕ್ಸ್ ಹೇಳುತ್ತಿರುತ್ತಾನೆ.