ಹಿಂಡಿ ಅಕ್ಕನ ಕಡಬು

ನನ್ನ ಕೈಚೀಲದ ಒಳಜೇಬಿನಲ್ಲಿ ಒಂದು ಸ್ಟೀಲ್ ಡಬ್ಬಿ ಇದೆ. ಕುಂಕುಮದ ಬಟ್ಟಲಿಗಿಂತ ದೊಡ್ಡದು, ಚಹಾಪುಡಿಯ ಡಬ್ಬಿಗಿಂತ ಸಣ್ಣದು. ಮುಚ್ಚಳದ ಅಂಚು ಒಂದು ಕಡೆ ತಗ್ಗಿದೆಯಾದ್ದರಿಂದ ಅಲ್ಲಿ ಹೆಬ್ಬೆರಳೂರಿ ತುಸು ತಿರುಗಿಸಿಯೇ ಅದನ್ನು ತೆಗೆಯಬೇಕು. ಗೊತ್ತಿಲ್ಲದವರು ಸುಮ್ಮನೆ ಜಗ್ಗಿದರೆ ಒಳಗಿದ್ದದ್ದೆಲ್ಲ ಸೀರೆಯ ಮೇಲೆ. ಒಳಗಿರುವುದು ಶೇಂಗಾ ಹಿಂಡಿ. ನಮ್ಮ ಕಡೆಯವರಲ್ಲದ ಸ್ನೇಹಿತರು ಯಾರಾದರೂ ಓದುತ್ತಿದ್ದರೆ ಹೇಳಿಬಿಡುತ್ತೇನೆ: ಹುರಿದ ಶೇಂಗಾ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಹಾಕಿ ಕುಟ್ಟಿದ ಪುಡಿಗೆ ನಾವು ಹಿಂಡಿ ಎನ್ನುತ್ತೇವೆ. ರೊಟ್ಟಿಯ ಪಕ್ಕದಲ್ಲಿ ಅದಿಲ್ಲದಿದ್ದರೆ ಊಟಕ್ಕೆ ಯಾರೋ ಬರಬೇಕಾಗಿತ್ತು, ಬರಲಿಲ್ಲ ಎಂಬಂತೆ ಇರುತ್ತದೆ.

ಈ ಡಬ್ಬಿ ನನ್ನದಲ್ಲ, ನನ್ನ ನೆಗೆಣ್ಣಿ ಶರಣಮ್ಮನದು. ಅವಳು ನನ್ನ ಭಾವನ ಹೆಂಡತಿ, ಮನೆಯ ಹಿರಿಯ ಸೊಸೆ. ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯಿಂದ ಅವಳು, ಪೋತ್ನಾಳದಿಂದ ನಾನು, ಒಬ್ಬರ ಹಿಂದೆ ಒಬ್ಬರು ಮಾನ್ವಿಯ ಒಂದೇ ಮನೆಗೆ ಸೊಸೆಯಂದಿರಾಗಿ ಬಂದೆವು. ಅತ್ತೆಯ ಬಾಯಲ್ಲಿ ಅವಳು ದೊಡ್ಡಾಕಿ, ನಾನು ಸಣ್ಣಾಕಿ. ನನಗೆ ಮಾತ್ರ ಅವಳು ಅಕ್ಕ. ನೆಗೆಣ್ಣಿಯರೆಂದರೆ ಒಂದೇ ಒಲೆಯ ಮುಂದೆ ಬೆನ್ನು ತಿರುಗಿಸಿ ಕೂರುವವರು ಎಂದು ಊರು ತಿಳಿದಿರುತ್ತದೆ. ನಮ್ಮ ಬಗ್ಗೆ ಹಾಗೆ ತಿಳಿದವರಿಗೆ ನಾವಿಬ್ಬರೂ ರಾಯಚೂರಿನ ತಿನಿಸಿನ ಬಂಡಿಗಳ ಮುಂದೆ ನಿಂತು ಬಾಯಿ ಕೆಂಪು ಮಾಡಿಕೊಂಡು ತಿನ್ನುವುದನ್ನು ತೋರಿಸಬೇಕಾಗಿತ್ತು.

ಮನೆಯಲ್ಲಿ ಕುಳಿತು ಸೀರೆಗಳಿಗೆ ಫಾಲ್ ಹಚ್ಚುವುದು, ಕುಚ್ಚು ಕಟ್ಟುವುದು ನಮ್ಮಿಬ್ಬರ ಕೆಲಸ. ಬಣ್ಣ ಹೊಂದುವ ದಾರ ಮಾನ್ವಿಯಲ್ಲಿ ಸಿಗದಾಗ ರಾಯಚೂರಿಗೆ ಹೋಗುತ್ತಿದ್ದೆವು. ಸಿಂಧನೂರಿನಿಂದ ನನ್ನ ತವರೂರು ದಾಟಿ ಬರುವ ಬಸ್ಸು ಮಾನ್ವಿಗೆ ಬರುವಷ್ಟರಲ್ಲಿ ತುಂಬಿರುತ್ತಿತ್ತು. ಅಕ್ಕ ಒಳಗೆ ನೋಡಿ, 'ನಿಮ್ಮೂರ ಮಂದಿನೇ ಎಲ್ಲಾ ಸೀಟು ಹಿಡದಾರ ನೋಡು, ಮದಲಿಂದಲೂ ಹಂಗ ನಿಮ್ಮ ಮಂದಿ' ಎಂದು ನನ್ನನ್ನು ಚುಚ್ಚದೆ ಬಸ್ಸು ಹತ್ತಿದವಳೇ ಅಲ್ಲ. ಬಜಾರಿನ ಕೆಲಸ ಮುಗಿಸಿ, ಕೋಟೆಯ ಗೋಡೆಯ ಬದಿಯಿಂದ ಬಸ್ ನಿಲ್ದಾಣಕ್ಕೆ ನಡೆದು ಬರುವ ಹೊತ್ತಿಗೆ ಬಿಸಿಲು ಇಳಿದಿರುತ್ತಿತ್ತು, ಕಲ್ಲು ಮಾತ್ರ ಇನ್ನೂ ಕಾದಿರುತ್ತಿತ್ತು. ಅಲ್ಲಿ ಮೊದಲು ಇದ್ದದ್ದು ಮಂಡಾಳು ವಗ್ಗರಣೆ ಎಂಬ ಮಂಡಕ್ಕಿ ಒಗ್ಗರಣೆಯ, ಮಿರ್ಚಿಯ ಬಂಡಿಗಳು. ನೋಡನೋಡುತ್ತಿದ್ದಂತೆ ಅವುಗಳ ಸಾಲಿಗೆ ಬಣ್ಣಬಣ್ಣದ ದೀಪ ಹಾಕಿಕೊಂಡು ಹೊಸ ಬಂಡಿಗಳು ಬಂದವು: ಟಿಬೆಟ್ಟಿನ ಮೋಮೋ, ಚೀನಾದ ನೂಡಲ್ಸ್, ಅರಬರ ಶವರ್ಮಾ, ಮೆಕ್ಸಿಕೋದ ಟ್ಯಾಕೋ, ಬೆಲ್ಜಿಯಮ್ಮಿನದಂತೆ ಒಂದು ವಾಫಲ್. ನಮ್ಮ ಶಾಲೆಯ ಗೋಡೆಯಲ್ಲಿ ನೇತುಹಾಕಿದ್ದ ಭೂಪಟ ಸುರುಳಿ ಬಿಚ್ಚಿ, ಚಕ್ರ ಹಚ್ಚಿಕೊಂಡು, ಒಗ್ಗರಣೆಯ ವಾಸನೆ ಹಿಡಿದು ರಾಯಚೂರಿಗೆ ಬಂದು ನಿಂತ ಹಾಗಿತ್ತು.

ನಾನು ಹೆಸರು ಓದಿ ಹೆದರುವವಳು, ಅಕ್ಕ ಆಕಾರ ನೋಡಿ ಧೈರ್ಯ ತಂದುಕೊಳ್ಳುವವಳು. ಮೋಮೋದ ಬಂಡಿಯ ಮುಂದೆ ಹಬೆ ಏಳುವ ಪಾತ್ರೆಯೊಳಗೆ ಇಣುಕಿ, 'ಎವ್ವಾ, ಇವು ಕಡಬಲ್ಲೇನಬೇ!' ಎಂದಳು. ಹಿಟ್ಟಿನೊಳಗೆ ಹೂರಣ ಇಟ್ಟು, ಮಡಿಚಿ, ಅಂಚು ಒತ್ತಿ, ಹಬೆಯಲ್ಲಿ ಬೇಯಿಸಿದ್ದಕ್ಕೆ ಬೇರೆ ಏನೆನ್ನುತ್ತಾರೆ? ಮಾಂಸ ಹಾಕಿದ್ದು ಬೇಡ, ಬರೀ ಪಲ್ಯದ್ದು ಕೊಡು ಎಂದು ಕೈಸನ್ನೆಯಲ್ಲಿ ತಿಳಿಸಿದೆವು. ಡಾರ್ಜಿಲಿಂಗ್ ಕಡೆಯಿಂದ ಹೆಂಡತಿ ಮಕ್ಕಳೊಂದಿಗೆ ಬಂದು ನೆಲೆಸಿದ್ದ ಆ ಬಂಡಿಯವನು ಆಗ ಕನ್ನಡಕ್ಕೆ ಹೊಸಬ. ಅಕ್ಕ ಒಂದನ್ನು ಕಚ್ಚಿ, ಸಿಹಿ ಸಿಗದೆ ಕಣ್ಣರಳಿಸಿ, ಅಗಿದು, ಯೋಚಿಸಿ ಕೇಳಿದಳು: 'ತಮ್ಮಾ, ಹಿಂಡಿ ಅದೇನಪಾ?'

ಅವನು ಸಂತೋಷದಿಂದ ಎದೆ ಮುಟ್ಟಿಕೊಂಡ. 'ಹಾಂ ದೀದಿ, ಹಿಂದಿ ಆತಾ ಹೈ! ಬೋಲಿಯೇ!'

'ಬೋಲಿ ಅಲ್ಲೋ, ಹಿಂಡಿ. ತಿನ್ನೋದು.'

'ಹಿಂದಿ... ತಿನ್ನೋದು?' ಅವನು ನನ್ನ ಮುಖ ನೋಡಿದ. ನನಗೆ ನಗೆ ತಡೆಯಲಾಗದೆ ಕೆಂಪು ಚಟ್ನಿ ನೆತ್ತಿಗೇರಿತ್ತು.

ಮುಂದಿನ ಸಲ ಅಕ್ಕ ಈ ಡಬ್ಬಿ ತಂದಳು. ಮೋಮೋದ ಮೇಲೆ ಹಿಂಡಿ ಉದುರಿಸಿ ತಾನು ತಿಂದು, ಬಂಡಿಯವನ ಅಂಗೈಗೂ ಚೂರು ಹಾಕಿದಳು. 'ಈಗ ತಿಳೀತೇನು, ನಮ್ಮ ಹಿಂಡಿ?' ಅಂದಿನಿಂದ ಅವನಿಗೆ ಅವಳು ಹಿಂಡಿ ಅಕ್ಕ. ಬಂಡಿಯಿಂದ ಬಂಡಿಗೆ ಡಬ್ಬಿಯೂ ನಡೆಯಿತು. ನೂಡಲ್ಸ್ ಅವಳ ಲೆಕ್ಕದಲ್ಲಿ ಉದ್ದ ಶಾವಿಗೆ, ಟ್ಯಾಕೋ ಮಡಿಚಿದ ಗರಿಗರಿ ಕಟಿ ರೊಟ್ಟಿ, ಪನೀರ್ ಶವರ್ಮಾ ಹಾಸಿಗೆ ಸುತ್ತಿಕೊಂಡು ಮಲಗಿದ ಪಲ್ಯ. ವಾಫಲ್ಲಿಗೆ ಮಾತ್ರ ಹೆಸರು ಸಿಗದೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ಹುಡುಕಿ, ಮಾನ್ವಿ ಹತ್ತಿರ ಬಂದಾಗ, 'ಜೇನುಹುಟ್ಟು, ಹುಳ ಇಲ್ಲದ್ದು' ಎಂದಳು. ಅದಕ್ಕೂ ಹಿಂಡಿ ಹಾಕಿಯೇ ನೋಡಿದ್ದಳು. ಚೆನ್ನಾಗಿರಲಿಲ್ಲ. ಆದರೂ ಪೂರ್ತಿ ತಿಂದಳು.

ಇದನ್ನು ಹಳ್ಳಿಯವಳ ಮುಗ್ಧತೆ ಎಂದು ನೀವು ನಕ್ಕು ಬಿಡಬಾರದು. ಪರಸ್ಥಳದಿಂದ ಬಂದದ್ದನ್ನು ಮನೆಯದನ್ನಾಗಿ ಮಾಡಿಕೊಳ್ಳುವ ಕ್ರಮ ಇದೊಂದೇ ಎಂದು ನನಗೆ ಈಚೆಗೆ ಅನಿಸುತ್ತಿದೆ: ಒಂದು ಹೆಸರಿಡುವುದು, ಒಂದು ಚಿಟಿಕೆ ತನ್ನದನ್ನು ಬೆರೆಸುವುದು. ಶೇಂಗಾ ಮತ್ತು ಮೆಣಸಿನಕಾಯಿ ಕೂಡ ಎಂದೋ ಸಮುದ್ರ ದಾಟಿ ಬಂದವು ಎಂದು ಓದಿದ್ದೇನೆ. ಹಾಗಿದ್ದರೆ ನಮ್ಮ ಹಿಂಡಿಯೂ ಒಂದು ಕಾಲಕ್ಕೆ ಯಾರೋ ಇಣುಕಿ ನೋಡಿ, ಹೆದರಿ, ರುಚಿ ನೋಡಿ ಒಪ್ಪಿಕೊಂಡ ಪರದೇಶಿಯೇ. ಸೊಸೆಯಂದಿರೂ ಪರಸ್ಥಳದವರೇ ಅಲ್ಲವೇ? ಕೃಷ್ಣೆಯ ಕಡೆಯ ನೀರು ಕುಡಿದು ಬೆಳೆದವಳು ತುಂಗಭದ್ರೆಯ ಕಡೆಯ ಮನೆಗೆ ಬಂದಾಗ ಅವಳಿಗೂ ಒಂದು ಹೆಸರಿಟ್ಟರು, ದೊಡ್ಡಾಕಿ ಎಂದು. ಅವಳದನ್ನು ಒಂದು ಚಿಟಿಕೆ ಬೆರೆಸಿಕೊಂಡರೋ ಇಲ್ಲವೋ, ಅದು ನನಗೆ ಈ ವರ್ಷ ತಿಳಿಯಿತು.

ಆಷಾಢದಲ್ಲಿ ಒಂದು ಬೆಳಗ್ಗೆ ಅಕ್ಕ ಎದೆ ಹಿಡಿದುಕೊಂಡು ಅಂಗಳದಲ್ಲಿ ಕುಳಿತವಳು ಮತ್ತೆ ಏಳಲಿಲ್ಲ. ಅದರ ಬಗ್ಗೆ ಹೆಚ್ಚು ಬರೆಯಲು ನನಗೆ ಬರುವುದಿಲ್ಲ. ದಿನಗಳು ಕಳೆದ ಮೇಲೆ ಅವಳ ಚೀಲದಲ್ಲಿ ಡಬ್ಬಿ ಸಿಕ್ಕಿತು, ಅರ್ಧ ಹಿಂಡಿಯೊಂದಿಗೆ. ತೆಗೆದು ಮೂಸಿದೆ, ಮುಚ್ಚಿ ನನ್ನ ಚೀಲಕ್ಕೆ ಹಾಕಿಕೊಂಡೆ. ತಿನ್ನಲಿಲ್ಲ. ತಿಂದರೆ ಮುಗಿಯುತ್ತಿತ್ತು.

ಮಾನಮಿ ಅಮಾವಾಸ್ಯೆ ಬಂತು. ತೀರಿಹೋದ ಹಿರಿಯರ ಮುಂದೆ ಅಂದು ಅವರು ಇಷ್ಟಪಟ್ಟು ತಿನ್ನುತ್ತಿದ್ದ ಅಡಿಗೆಯನ್ನು ಎಡೆ ಇಡುವುದು ನಮ್ಮಲ್ಲಿ ಪದ್ಧತಿ. ಮಾವನಿಗೆ ಝುಣಕ, ಅವರ ತಾಯಿಗೆ ಎಣ್ಣೆ ಹೋಳಿಗೆ. ಇವು ಯಾರೂ ಕೇಳದೆ ನಡೆದುಬಂದವು. ಮುಂಚಿನ ವಾರ ಅತ್ತೆ ಎಲ್ಲರನ್ನೂ ಪಡಸಾಲೆಯಲ್ಲಿ ಕೂಡಿಸಿ ಕೇಳಿದರು, 'ದೊಡ್ಡಾಕಿಗೆ ಏನ್ ಮಾಡಬೇಕು? ಆಕಿಗೆ ಏನು ಸೇರತಿತ್ತು?'

ಭಾವ ನೆಲ ನೋಡಿದರು. 'ಏನ್ ಮಾಡಿದ್ರೂ ತಿಂತಿದ್ಲವಾ.'

ನನ್ನ ಗಂಡ, 'ವೈನಿ ಒಲ್ಲೆ ಅಂದಿದ್ದ ನಾ ನೋಡಿಲ್ಲ' ಎಂದರು. ಅಕ್ಕನಿಗೆ ಮಕ್ಕಳಿರಲಿಲ್ಲ, ಅವಳ ತೊಡೆಯ ಮೇಲೆ ಬೆಳೆದ ನನ್ನ ಮಗಳು ಈಗ ದೇವದುರ್ಗದಲ್ಲಿ ಗಂಡನ ಮನೆಯಲ್ಲಿದ್ದಾಳೆ. ಫೋನಿನಲ್ಲಿ ಅವಳೂ, 'ದೊಡ್ಡವ್ವಗ ಎಲ್ಲಾನೂ ಸೇರತಿತ್ತಲ್ಲ' ಎಂದು ಅಳತೊಡಗಿದಳು. ಎಲ್ಲವೂ ಎಂದರೆ ಯಾವುದೂ ಅಲ್ಲ ಎಂದಾಯಿತು. ಎಲ್ಲರ ನಾಲಿಗೆಯನ್ನೂ ಬಾಯಿಪಾಠ ಮಾಡಿದ್ದವಳು, ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಂಡವಳು. ಅವಳ ಎಡೆಯಲ್ಲಿಯೂ ಇತರರಿಗೆ ಮಾಡಿ ಉಳಿದದ್ದೇ ಬಿದ್ದರೆ? ಅದೊಂದು ಆಗಬಾರದು.

'ಕಡಬು,' ಎಂದೆ.

ಎಲ್ಲರ ಮುಖ ಹಗುರಾಯಿತು. ಅತ್ತೆ ಆಗಲೇ ಕಡಲೆಬೇಳೆ, ಬೆಲ್ಲ ಎಂದು ಭಾವನಿಗೆ ಸಾಮಾನು ಹೇಳತೊಡಗಿದ್ದರು. ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

'ಹೂರಣದ್ದಲ್ರೀ ಅತ್ತಿ. ರಾಯಚೂರಾಗ ಬಂಡ್ಯಾಗ ಮಾಡತಾರಲ್ಲ, ಆ ಕಡಬು. ಎಲಿ ಗೋಬಿ ಹಾಕಿದ್ದು.'

'ಬಂಡ್ಯಾಂದು?' ಅತ್ತೆಯ ಕೈಯಲ್ಲಿದ್ದ ಎಲೆ ಅಡಿಕೆ ನಿಂತಿತು. 'ಹಿರೇರ ಎಡ್ಯಾಗ ಬಂಡಿ ತಿನಿಸು ಇಡತಾರೇನಬೇ? ಮನ್ಯಾಗ ಒಲಿ ಆರ‍್ಯಾದೇನು?'

ಮಾತು ಅಲ್ಲಿಗೆ ನಿಂತಿತು. ಆದರೆ ಅದನ್ನು ಮತ್ತೆ ಮತ್ತೆ ನೆನೆದಾಗ ಅತ್ತೆ ಬೇಡವೆಂದದ್ದು ಬಂಡಿಯನ್ನು, ಕಡಬನ್ನಲ್ಲ ಎಂದು ಹೊಳೆಯಿತು. ಎಡೆಗೆ ಇಡುವ ಸೀರೆಗೆ ಕುಚ್ಚಿನ ದಾರ ತರುವ ನೆಪದಲ್ಲಿ ಮೊದಲ ಬಾರಿಗೆ ಒಬ್ಬಳೇ ರಾಯಚೂರಿಗೆ ಹೋದೆ.

ಬಂಡಿಯವನು ದೂರದಿಂದಲೇ ಕೈಯೆತ್ತಿದ. ಅವನ ಕನ್ನಡ ಈಗ ನಮ್ಮದೇ ಆಗಿದೆ. 'ಏನ್ರಿ ಅಕ್ಕಾ, ಭಾಳ ದಿನ ಆತು! ಹಿಂಡಿ ಅಕ್ಕ ಎಲ್ಲಿ? ದಾರದಂಗಡ್ಯಾಗ ಜಗಳ ಆಡಾಕತ್ತಾರೇನು?'

ಹೇಳಿದೆ. ಅವನು ಒಲೆಯ ಉರಿ ಸಣ್ಣದು ಮಾಡಿ, ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅಕ್ಕನ ಎಡೆಗೆ ಇದನ್ನು ಮನೆಯಲ್ಲೇ ಮಾಡಬೇಕು, ಹೇಳಿಕೊಡು ಎಂದು ನಾನು ಬಂದ ಕಾರಣ ಹೇಳಿದಾಗ ಮೊದಲು ಅವನಿಗೆ ಅರ್ಥವಾಗಲಿಲ್ಲ. ಆದ ಮೇಲೆ ಬಹಳ ಗಂಭೀರನಾದ. ಕಡಬಿನ ಅಂಚು ಒತ್ತುವುದು ನನಗೆ ಗೊತ್ತು ಎಂದೆ. ಹಾಗಾದರೆ ಗೊತ್ತಿರಬೇಕಾದದ್ದು ಒಂದೇ ಎಂದ. 'ಗೋಬಿ ಸಣ್ಣಗ ಹೆಚ್ಚಿ ಉಪ್ಪು ಹಾಕ್ರಿ. ನೀರು ಬಿಡ್ತದ. ಹಿಂಡ್ರಿ. ಚೊಲೋತ್ನಂಗ ಹಿಂಡಿ...' ಎಂದವನು ಆ ಮಾತಿನ ಮೇಲೆಯೇ ತಡವರಿಸಿ ನಿಂತ. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕೆವು. ಆಷಾಢದಿಂದ ನಾನು ನಕ್ಕದ್ದು ಅದೇ ಮೊದಲು.

ಅಮಾವಾಸ್ಯೆಯ ಬೆಳಗ್ಗೆ ನಾನು ಒಲೆಯ ಒಂದು ಬದಿಗೆ ಕುಳಿತು ಗೋಬಿ ಹಿಂಡಿದೆ. ಹಿಟ್ಟು ನಾದಿದೆ, ತುಂಬಿದೆ, ಮಡಿಚಿದೆ. ಅತ್ತೆ ತಮ್ಮ ಹೂರಣದ ಕಡಬು ಮಾಡುತ್ತ ಓರೆಗಣ್ಣಿನಲ್ಲಿ ನೋಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ನನ್ನ ತಟ್ಟೆಯಿಂದ ಒಂದನ್ನು ಎತ್ತಿ, 'ಅಂಚು ಬಿಡತದ ಹಿಂಗ ಒತ್ತಿದ್ರ. ದೊಡ್ಡಾಕಿ ಹಿಂಗ ಒತ್ತತಿದ್ಲೇನು?' ಎಂದು ತಾವೇ ಬೆರಳ ತುದಿಯಿಂದ ನಿರಿಗೆ ಹಿಡಿದರು. ಅದಾದ ಮೇಲೆ ಎರಡೂ ಬಗೆಯ ಕಡಬು ಒಂದೇ ಹಬೆಯಲ್ಲಿ ಬೆಂದವು. ಹೊರಗಿನಿಂದ ನೋಡಿದರೆ ಯಾವುದರೊಳಗೆ ಏನಿದೆ ಎಂದು ಹೇಳುವಂತಿರಲಿಲ್ಲ.

ಅಕ್ಕನ ಫೋಟೋದ ಮುಂದೆ ಸೀರೆ ಇಟ್ಟು, ಎಲೆ ಹಾಕಿ ಬಡಿಸಿದೆವು. ಊದುಬತ್ತಿ ಹಚ್ಚಲು ಹೊರಟ ಭಾವನನ್ನು ಅತ್ತೆ ತಡೆದರು.

'ತಡಿಯಪಾ. ಹಿಂಡಿ ಎಲ್ಲದ? ಆಕಿ ಹಿಂಡಿ ಇಲ್ದ ಎಂದರ ಒಂದು ತುತ್ತು ತಿಂದಾಳೇನು?'

ಅತ್ತೆಗೆ ಗೊತ್ತಿತ್ತು. ಇಷ್ಟವೇನೆಂದು ಕೇಳಿದಾಗ ನೆನಪಾಗದ್ದು ಎಲೆಯ ಮೇಲಿನ ಖಾಲಿ ಜಾಗ ನೋಡಿದಾಗ ನೆನಪಾಗಿತ್ತು. ನಾನು ಒಳಗೆ ಹೋಗಿ ಡಬ್ಬಿ ತಂದೆ, ತಗ್ಗಿರುವಲ್ಲಿ ಹೆಬ್ಬೆರಳೂರಿ ತಿರುಗಿಸಿದೆ. ಹಿಂಡಿ ತುಸು ಕಮಟಾಗಿತ್ತು. ಆದರೂ ಅವಳು ಕುಟ್ಟಿದ್ದು. ಒಂದು ಚೂರೂ ಉಳಿಸದೆ ಎಲ್ಲವನ್ನೂ ಕಡಬಿನ ಪಕ್ಕಕ್ಕೆ ಸುರಿದೆ. ಮುಗಿಯಿತು. ಮುಗಿದರೆ ಏನಾಗುವುದೋ ಎಂದು ಇಷ್ಟು ದಿನ ಹೆದರಿದ್ದೆ, ಏನೂ ಆಗಲಿಲ್ಲ. ಊಟಕ್ಕೆ ಕುಳಿತಾಗ ಅತ್ತೆ ಗೋಬಿಯ ಕಡಬು ಮುರಿದು ಒಳಗೆ ನೋಡಿ, 'ಸಪ್ಪಗದಬೇ' ಎಂದು ಮುಖ ಕಿವಿಚಿ, ಇನ್ನೊಂದು ಹಾಕಿಸಿಕೊಂಡರು.

ಆ ವಾರವೇ ನಾನು ಹಿಂಡಿ ಕುಟ್ಟಿ ಡಬ್ಬಿ ತುಂಬಿಸಿದೆ. ಬೆಳ್ಳುಳ್ಳಿ ಸ್ವಲ್ಪ ಮುಂದಾಗಿದೆ. ಅವಳ ಕೈ ನನಗೆ ಬರುವುದಿಲ್ಲ. ಈಚೆಗೆ ಮತ್ತೆ ದಾರಕ್ಕೆಂದು ರಾಯಚೂರಿಗೆ ಹೋದಾಗ, ಕೋಟೆಯ ಗೋಡೆ ಇನ್ನೂ ಬೆಚ್ಚಗಿರುವ ಹೊತ್ತಿನಲ್ಲಿ, ಬಂಡಿಗಳ ಸಾಲಿನಲ್ಲಿ ಬರುತ್ತಿದ್ದೆ. ಅಲ್ಲಿ ಜಪಾನಿನದೆಂದು ಬೋರ್ಡು ಹಾಕಿಕೊಂಡ ಹೊಸದೊಂದು ಬಂಡಿ ನಿಂತಿತ್ತು. ಅದರ ತಿನಿಸು ಗುಂಡಗೆ, ನಮ್ಮ ಗುಂಡಪೊಂಗಲದ, ಎಂದರೆ ಪಡ್ಡಿನ, ಹಾಗೆಯೇ ಕಂಡಿತು. ಅದನ್ನು ನೋಡುತ್ತಿರುವಾಗ ಮೋಮೋದ ಬಂಡಿಯಿಂದ ಕೂಗು ಕೇಳಿತು: 'ಹಿಂಡಿ ಅಕ್ಕಾ! ಬರ್ರಿ, ಬಿಸಿ ಅದಾವ!'

ನಾನು ತಟ್ಟನೆ ಹಿಂದೆ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ. ಅವನು ನನ್ನನ್ನೇ ನೋಡುತ್ತಿದ್ದ.

ಚೀಲದ ಒಳಜೇಬಿಗೆ ಕೈ ಹಾಕಿ ಡಬ್ಬಿ ತೆಗೆಯುತ್ತ, 'ಬಂದೆನಪಾ' ಎಂದೆ.